ಐತವಾರ ಮಾರಂಗಿಲ್ರಿ

ಹೋದ ಐತವಾರ ಮಾಮಾ ಆಡಿದ ಒಂದು ಮಾತು ಇನ್ನೂ ಕಿವಿಯಲ್ಲೇ ಇದೆ. ಬಸ್ಸಿನಲ್ಲಿ ಕೂತರೂ ಅದೇ, ಆಫೀಸಿನಲ್ಲಿ ಬುತ್ತಿ ಬಿಚ್ಚಿದರೂ ಅದೇ. ಬರೆದುಬಿಡೋಣ ಅಂತ ಕೂತಿದ್ದೇನೆ.

ಮಾಮಾ ಧಾರವಾಡದಲ್ಲಿ ಟೇಲರ್. ಮನೆಯ ಮುಂದಿನ ಕೋಣೆಯೇ ಅಂಗಡಿ. ಜಂಪರ್, ಅಂದರೆ ಸೀರೆಯ ಬ್ಲೌಸ್, ಹೊಲಿಯುವುದರಲ್ಲಿ ಅವರ ಕೈಗೆ ಹೆಸರಿದೆ. ತೋಳು ಕೂಡಿಸಿದ ಕಡೆ ಸಣ್ಣ ಸುಕ್ಕು ಬಂದರೂ ಬಿಚ್ಚಿ ಮತ್ತೆ ಹೊಲಿಯುತ್ತಾರೆ. ಈಗ ಮದುವೆ ಸೀಸನ್. ಗೋಡೆಯ ಮೊಳೆಗಳಿಗೆಲ್ಲ ಚೀಲಗಳು ನೇತಾಡುತ್ತಿವೆ. ಒಂದೊಂದಕ್ಕೂ ಹೆಸರು, ತಾರೀಖು ಬರೆದ ಚೀಟಿ. ಇಂಥ ದಿನಗಳಲ್ಲಿ ರಾತ್ರಿ ಹನ್ನೊಂದಾದರೂ ಮಷಿನ್ ಸದ್ದು ನಿಲ್ಲುವುದಿಲ್ಲ. ಐತವಾರ ಮಾತ್ರ ಮಷಿನ್ ಮೇಲೆ ಹಳೇ ದುಪ್ಪಟಿ ಹೊದಿಸಿರುತ್ತಾರೆ.

ಚರ್ಚಿನಲ್ಲಿ ಆರಾಧನೆ ಮುಗಿಸಿಕೊಂಡು ಅವರ ಮನೆಗೆ ಊಟಕ್ಕೆ ಹೋಗಿದ್ದೆ. ಕೈ ತೊಳೆಯುವ ಹೊತ್ತಿಗೆ ಬಾಗಿಲಲ್ಲಿ ಇಬ್ಬರು ಹೆಂಗಸರು ನಿಂತಿದ್ದರು. ಹೆಬ್ಬಳ್ಳಿ ಕಡೆಯವರು, ಅತ್ತೆ ಸೊಸೆ. ಸೊಸೆಯ ಕೈಯಲ್ಲಿ ಒಂದು ಬಟ್ಟೆ ಅಂಗಡಿಯ ಚೀಲ, ಒಳಗೆ ಐದು ಜಂಪರಿನ ಬಟ್ಟೆ. ಬುಧವಾರ ಅವಳ ನಾದಿನಿಯ ಮದುವೆ. ಹೊಲಿಯಲು ಒಪ್ಪಿಕೊಂಡಿದ್ದ ಟೇಲರ್ ಕೊನೇ ಗಳಿಗೆಯಲ್ಲಿ ಬಟ್ಟೆ ವಾಪಸ್ ಕೊಟ್ಟಿದ್ದನಂತೆ. ಪಾಪ, ಅವಳ ಮುಖ ನೋಡಿದರೆ ಯಾರಿಗಾದರೂ ಅಯ್ಯೋ ಅನಿಸಬೇಕು.

"ಮಾಸ್ತರ, ಇವತ್ತ ಕೂತು ಹೊಲದು ಕೊಡ್ರಿ. ಡಬಲ್ ಕೊಡ್ತೇವ್ರಿ."

"ನಾಳೆ ಮುಂಜಾನೆ ಐದಕ್ಕ ಹಿಡೀತೀನ್ರಿ. ಮಂಗಳವಾರ ಮಧ್ಯಾಹ್ನ ಒಯ್ರಿ."

"ಅಷ್ಟು ತಡ ಆದ್ರ ಹೆಂಗ್ರಿ? ಬೇಕಾರ ಇನ್ನೂ ಜಾಸ್ತಿ ತಗೋರಿ. ಎಷ್ಟು ಅಂತೀರಿ ಅಷ್ಟು."

ಆಗ ಮಾಮಾ ಹೇಳಿದ್ದು: "ರೊಕ್ಕದ ಮಾತಲ್ರಿ ತಂಗಿ. ಆರು ದಿನ ನನ್ನ ಕೈ ಮಾರತೇನಿ. ಐತವಾರ ಮಾರಂಗಿಲ್ರಿ."

ಸಿಟ್ಟಿಲ್ಲ, ಉಪದೇಶದ ಧಾಟಿಯೂ ಇಲ್ಲ. ಬಟ್ಟೆಯ ಅಳತೆ ಹೇಳಿದ ಹಾಗೆ ಹೇಳಿದರು.

ಸೊಸೆ ಸುಮ್ಮನಿರಲಿಲ್ಲ. "ನಿಮ್ಮ ದೇವರು ಅಷ್ಟು ಬಿಗೀನ್ರಿ?" ಅಂದಳು. ಅದಕ್ಕೆ ಮಾಮಾ ಬಾಯಿ ತೆರೆಯುವ ಮೊದಲೇ ಅವಳ ಅತ್ತೆ ಗದರಿಸಿದರು. "ಬಿಡವಾ ಸಾಕು. ನಾವು ಸೋಮವಾರ ಎತ್ತು ಹೂಡ್ತೀವೇನ? ಜೀವ ಹೋದ್ರೂ ಹೂಡಂಗಿಲ್ಲ. ಎತ್ತಿಗೊಂದು ವಾರ ಐತಿ. ಮಾಸ್ತರಗೂ ಒಂದು ವಾರ ಇರ್ಲಿ."

ಆ ಮುದುಕಿಯ ಕಾಲಿಗೆ ಬೀಳಬೇಕು ಅನಿಸಿತು ನನಗೆ. ನಮ್ಮ ಸಭೆಯಲ್ಲಿ ದಶಾಜ್ಞೆಯ ನಾಲ್ಕನೆಯದು, ವಿಶ್ರಾಂತಿ ದಿನದ ಆಜ್ಞೆಯ ಮೇಲೆ ಎಷ್ಟೋ ಪ್ರಸಂಗ ಕೇಳಿದ್ದೇನೆ. ಅದನ್ನು ಇಷ್ಟು ಸರಿಯಾಗಿ ಯಾರೂ ಹೇಳಿರಲಿಲ್ಲ. ಬೈಬಲಿನ ಧರ್ಮೋಪದೇಶಕಾಂಡದ ಐದನೇ ಅಧ್ಯಾಯ ತೆಗೆದು ನೋಡಿ. ಏಳನೇ ದಿನ ನೀನು ಸುಮ್ಮನಿರು ಎಂದು ಹೇಳಿ ದೇವರು ಅಲ್ಲಿಗೇ ನಿಲ್ಲಿಸುವುದಿಲ್ಲ. ನಿನ್ನ ಗಂಡಾಳು, ಹೆಣ್ಣಾಳು, ಎತ್ತು, ಕತ್ತೆ, ನಿನ್ನ ಊರಲ್ಲಿರುವ ಪರದೇಶಿ, ಎಲ್ಲರ ಹೆಸರನ್ನೂ ಹೇಳುತ್ತಾನೆ. ನಿನ್ನ ಹಾಗೇ ನಿನ್ನ ಆಳುಗಳಿಗೂ ವಿಶ್ರಾಂತಿ ಸಿಗಲಿ ಅನ್ನುತ್ತಾನೆ. ಬೈಬಲ್ ಓದದ ಹೆಬ್ಬಳ್ಳಿ ಕಡೆಯ ಮುದುಕಿಗೆ ಎತ್ತಿನ ಭಾಗ ಗೊತ್ತಿತ್ತು.

ಮಾಮಾ ನಕ್ಕು ಚೀಲ ತಗೊಂಡು ಮೊಳೆಗೆ ಹಾಕಿದರು. ಮಾಮಾನ ಹೆಂಡತಿ, ನಮ್ಮ ಅತ್ತೆ, ಬಂದ ಇಬ್ಬರಿಗೂ ಚಹಾ ಕೊಟ್ಟರು. ಹೋಗುವಾಗ ಮುದುಕಿ ಮದುವೆಗೆ ಎಲ್ಲರನ್ನೂ ಕರೆದೇ ಹೋದರು.

ಅವರು ಓಣಿ ದಾಟಿರಲಿಲ್ಲ, ಮಾಮಾನ ಮಗ ಶುರು ಮಾಡಿದ. ನನಗಿಂತ ಚಿಕ್ಕವನು. ಬಿ.ಕಾಂ. ಮುಗಿಸಿ ಅಂಗಡಿಯಲ್ಲೇ ಇದ್ದಾನೆ. "ಅಕ್ಕಾ, ನೀನ ಹೇಳು. ಸೀಸನ್‌ನಾಗ ಒಂದೊಂದು ಐತವಾರ ಎಷ್ಟು ಗಿರಾಕಿ ವಾಪಸ್ ಹೊಕ್ಕಾರ. ನಾವೇನು ಧರ್ಮಶಾಸ್ತ್ರದ ಕೆಳಗ ಇಲ್ಲ, ಕೃಪೆಯ ಕೆಳಗ ಅದೀವಿ ಅಂತ ಬೈಬಲಿನಾಗ ಪೌಲನ ಬರದಾನಲ್ಲ. ಮತ್ತ ಇದೇನು ಗುಲಾಮಗಿರಿ?"

ಹುಡುಗ ಕೆಟ್ಟವನಲ್ಲ. ಹೊಸ ಮಷಿನ್ ಮೇಲೆ ಸಾಲ ಇದೆ. ರೆಡಿಮೇಡ್ ಜಂಪರ್ ಫೋನಿನಲ್ಲೇ ಸಿಗುವ ಕಾಲದಲ್ಲಿ ಟೇಲರ್ ಅಂಗಡಿ ಎಷ್ಟು ದಿನ ನಡೆದೀತು ಎಂಬ ಭಯ ಅವನದು. ಆ ಭಯ ಸುಳ್ಳಲ್ಲ. ಆದರೆ ಗುಲಾಮಗಿರಿ ಅಂದನಲ್ಲ, ಅದು ನನಗೆ ಚುಚ್ಚಿತು.

ಯಾಕೆಂದರೆ ಚಿಕ್ಕವಳಿದ್ದಾಗ ನನಗೂ ಹಾಗೇ ಅನಿಸುತ್ತಿತ್ತು. ನಮ್ಮ ಅಜ್ಜಿಯ ಐತವಾರ ಬಲು ಭಾರ. ಚೌಕಾಬಾರ ಆಡಬಾರದು, ಓಡಬಾರದು, ಜೋರಾಗಿ ನಗಬಾರದು. ಬಾವಿಕಟ್ಟೆಯಲ್ಲಿ ಒಂದು ಕರವಸ್ತ್ರ ತೊಳೆದರೂ ಬೈಗುಳ. ಆಗಿದ್ದ ಸಭಾಪಾಲಕರೂ ಹಾಗೇ ಇದ್ದರು. ಆಜ್ಞೆ ಅಂದರೆ ಮುರಿದವರಿಗೆ ಏನಾಗುತ್ತದೆ ಅನ್ನುವುದನ್ನೇ ಹೇಳುತ್ತಿದ್ದರು. ಅವರ ಭಕ್ತಿಯ ಮೇಲೆ ನನಗೆ ಗೌರವವಿದೆ. ಆದರೆ ದಶಾಜ್ಞೆಯ ಮೊದಲ ಸಾಲನ್ನು ಅವರು ನಮಗೆ ಸರಿಯಾಗಿ ಕೇಳಿಸಲಿಲ್ಲ ಅಂತ ಇವತ್ತಿಗೂ ಬೇಜಾರಿದೆ.

ಆ ಸಾಲು ಆಜ್ಞೆಯೇ ಅಲ್ಲ. ದಾಸತ್ವದಲ್ಲಿದ್ದ ನಿನ್ನನ್ನು ಐಗುಪ್ತ ದೇಶದಿಂದ (ಈಜಿಪ್ಟಿನಿಂದ) ಬಿಡಿಸಿದ ದೇವರು ನಾನೇ, ಅಂತ ಇಸ್ರಾಯೇಲರಿಗೆ ಹೇಳುತ್ತಾ ವಿಮೋಚನಕಾಂಡದ ಇಪ್ಪತ್ತನೇ ಅಧ್ಯಾಯ ಶುರುವಾಗುತ್ತದೆ. ಬಿಡುಗಡೆ ಮೊದಲು, ಆಜ್ಞೆ ಆಮೇಲೆ. ಇದನ್ನು ಮಾಡಿದರೆ ಬಿಡಿಸುತ್ತೇನೆ ಅಂತ ದೇವರು ಅಲ್ಲಿ ಹೇಳುವುದಿಲ್ಲ. ಬಿಡಿಸಿಕೊಂಡು ಬಂದಾಗಿದೆ, ಇನ್ನು ಮತ್ತೆ ಗುಲಾಮರಾಗದ ಹಾಗೆ ಬದುಕೋದನ್ನ ಕಲಿಸುತ್ತೇನೆ ಅನ್ನುತ್ತಾನೆ.

ಅವರನ್ನು ದುಡಿಸುತ್ತಿದ್ದ ಐಗುಪ್ತದ ಅರಸ ಫರೋಹನ ಆಜ್ಞೆ ಹೇಗಿತ್ತು ಅಂತ ಅದೇ ವಿಮೋಚನಕಾಂಡದ ಐದನೇ ಅಧ್ಯಾಯದಲ್ಲಿದೆ. ನಮ್ಮ ದೇವರಿಗೆ ಯಜ್ಞ ಮಾಡಬೇಕು, ಮೂರು ದಿನದ ಪ್ರಯಾಣದಷ್ಟು ದೂರ ಅಡವಿಗೆ ಹೋಗಲು ಬಿಡು ಅಂತ ಅವರ ನಾಯಕ ಮೋಶೆ ಕೇಳಿದರೆ, ಇವರು ಸೋಮಾರಿಗಳು, ಅದಕ್ಕೇ ಹೀಗೆ ಕೂಗಾಡುತ್ತಿದ್ದಾರೆ ಅಂದ ಫರೋಹ. ಇಟ್ಟಿಗೆಗೆ ಬೇಕಾದ ಹುಲ್ಲು ಕೊಡುವುದನ್ನು ನಿಲ್ಲಿಸಿದ. ಹುಲ್ಲನ್ನು ನೀವೇ ಹುಡುಕಿಕೊಳ್ಳಿ, ಇಟ್ಟಿಗೆಯ ಲೆಕ್ಕ ಮಾತ್ರ ಒಂದೂ ಕಡಿಮೆಯಾಗಬಾರದು ಅಂದ. ನಮ್ಮ ಆಫೀಸಿನಲ್ಲಿ ಟಾರ್ಗೆಟ್ ಹೇಳುವಾಗೆಲ್ಲ ನನಗೆ ಈ ಅಧ್ಯಾಯ ನೆನಪಾಗುತ್ತದೆ. ಆಳು ಕಡಿಮೆಯಾಗಿದ್ದಾರೆ, ಟಾರ್ಗೆಟ್ ಅಷ್ಟೇ ಇದೆ. ರಜೆ ಕೇಳಿದವರು ಸೋಮಾರಿಗಳು.

ಅಂಥ ಜನಕ್ಕೆ ದೇವರು ಕೊಟ್ಟದ್ದು ನಿಲ್ಲಿಸು ಅನ್ನುವ ಆಜ್ಞೆ. ನಾಲ್ಕು ನೂರು ವರ್ಷ ಮಾಡು, ಇನ್ನೂ ಮಾಡು ಅನ್ನುವ ಒಡೆಯರನ್ನೇ ನೋಡಿದವರು ಅವರು. ಸಾಕು, ಕೂತುಕೋ ಅನ್ನುವ ಒಡೆಯ ಮೊದಲ ಸಲ ಸಿಕ್ಕಿದ. ಸಬ್ಬತ್‌ಗೆ, ಅಂದರೆ ಆ ವಿಶ್ರಾಂತಿ ದಿನಕ್ಕೆ, ವಿಮೋಚನಕಾಂಡದಲ್ಲಿ ಕಾರಣ ಸೃಷ್ಟಿ. ಧರ್ಮೋಪದೇಶಕಾಂಡದಲ್ಲಿ ಕಾರಣ ಬೇರೆ: ನೀನೂ ಐಗುಪ್ತದಲ್ಲಿ ದಾಸನಾಗಿದ್ದೆ, ಮರೆಯಬೇಡ. ಅದು ಶನಿವಾರ, ನಮ್ಮದು ಕರ್ತನಾದ ಯೇಸು ಸತ್ತು ಎದ್ದ ದಿನ, ಭಾನುವಾರ. ಆ ಚರ್ಚೆ ಇಲ್ಲಿ ಬೇಡ.

ಮಾಮಾ ಇದನ್ನೆಲ್ಲ ವಿವರಿಸುವವರಲ್ಲ. ಆದರೆ ಅವರ ಅಂಗಡಿಯ ಒಂದು ಪದ್ಧತಿ ಹೇಳಲೇಬೇಕು. ಹುಕ್ಕು ಹಚ್ಚಲು, ಫಾಲ್, ಪಿಕೋ ಮಾಡಲು ಇಬ್ಬರು ಹೆಣ್ಣುಮಕ್ಕಳು ಬರುತ್ತಾರೆ. ಇಬ್ಬರೂ ನಮ್ಮ ಸಭೆಯವರಲ್ಲ. ಒಬ್ಬಳದು ಮುಸ್ಲಿಂ ಮನೆ. ಬೇರೆ ಕಡೆ ಇಂಥ ಕೆಲಸಕ್ಕೆ ಪೀಸಿನ ಲೆಕ್ಕದಲ್ಲಿ ಕೂಲಿ. ಕೂತ ದಿನ ದುಡ್ಡು, ಇಲ್ಲದ ದಿನ ಇಲ್ಲ. ಹಾಗಿದ್ದರೆ ಒಡೆಯನ ವಿಶ್ರಾಂತಿ ಆಳಿನ ಉಪವಾಸ, ಅಲ್ವಾ? ಮಾಮಾ ದಿನದ ಪಗಾರ ಇಟ್ಟಿದ್ದಾರೆ. ಶನಿವಾರ ಸಂಜೆ ಎರಡು ದಿನದ್ದು ಕೈಗೆ ಕೊಡುತ್ತಾರೆ.

ನಾನು ಇದನ್ನು ಮೊದಲು ನೋಡಿದಾಗ ಮನ್ನದ, ಅಂದರೆ ಅಡವಿಯಲ್ಲಿ ಇಸ್ರಾಯೇಲರಿಗೆ ದೇವರು ಕೊಟ್ಟ ರೊಟ್ಟಿಯ, ಕಥೆ ನೆನಪಾಯಿತು. ಅಡವಿಯಲ್ಲಿ ದಿನಾ ಅಂದಂದಿನ ರೊಟ್ಟಿ ಅಂದಂದೇ. ನಾಳೆಗೆ ಅಂತ ಇಟ್ಟರೆ ಹುಳ ಬೀಳುತ್ತಿತ್ತು. ಆರನೇ ದಿನ ಮಾತ್ರ ಎರಡು ಪಟ್ಟು ಸಿಗುತ್ತಿತ್ತು, ಅದು ಕೆಡುತ್ತಿರಲಿಲ್ಲ. ಇದು ವಿಮೋಚನಕಾಂಡದ ಹದಿನಾರನೇ ಅಧ್ಯಾಯದ ಮಾತು. ಅಂದರೆ ಸೀನಾಯಿ ಬೆಟ್ಟದಲ್ಲಿ ಆಜ್ಞೆ ಕೊಡುವ ಮೊದಲೇ ದೇವರು ಆ ದಿನದ ಊಟಕ್ಕೆ ವ್ಯವಸ್ಥೆ ಮಾಡಿದ್ದ. ಕೂತುಕೋ ಅನ್ನುವವನು ಊಟ ಹಾಕಿ ಕೂತುಕೋ ಅನ್ನಬೇಕು.

ಒಡೆಯರು ತಾವಾಗಿ ಇದನ್ನು ಕೊಡುವುದು ಅಪರೂಪ. ಮುಂಬೈ ಗಿರಣಿಗಳ ಕಾರ್ಮಿಕರಿಗೆ ವಾರದ ರಜೆ ಸಿಕ್ಕಿದ್ದು 1890ರಲ್ಲಿ. ಜೋತಿರಾವ್ ಫುಲೆಯವರ ಜೊತೆಗಾರ ನಾರಾಯಣ ಮೇಘಾಜಿ ಲೋಖಂಡೆ ಅದಕ್ಕಾಗಿ ವರ್ಷಗಟ್ಟಲೆ ಹೋರಾಡಿದರು. ಅವರು ನಮ್ಮವರಲ್ಲ, ಕ್ರೈಸ್ತರಲ್ಲ. ಆದರೂ ಆ ಆಜ್ಞೆಯಲ್ಲಿರುವ ಗಂಡಾಳು ಹೆಣ್ಣಾಳಿನ ಪಾಲನ್ನು ಕೇಳಿ ಪಡೆದವರು ಅವರು ಅಂತ ನನಗೆ ಅನಿಸುತ್ತದೆ.

ಈಗ ಮಾಮಾನ ಮಗ ಪೌಲನನ್ನು ಎಳೆದು ತಂದ ವಿಷಯ. ಅವನು ಹೇಳಿದ್ದು ರೋಮಾಪುರದವರಿಗೆ ಬರೆದ ಪತ್ರದ ಆರನೇ ಅಧ್ಯಾಯ, ಹದಿನಾಲ್ಕನೇ ವಚನ. ಇನ್ನೆರಡು ವಚನ ಮುಂದೆ ಓದು ತಮ್ಮಾ ಅಂದೆ. ಯಾರ ಮಾತು ಕೇಳಲು ನಿಮ್ಮನ್ನು ಒಪ್ಪಿಸಿಕೊಡುತ್ತೀರೋ ಅವರಿಗೇ ನೀವು ದಾಸರು ಅಂತ ಅದೇ ಪೌಲ ಬರೆದಿದ್ದಾನೆ. ಯಾರ ಮಾತೂ ಕೇಳದೆ ಬದುಕುವ ಮನುಷ್ಯ ಎಲ್ಲಿದ್ದಾನೆ? ಆ ಹುಡುಗನ ಫೋನ್ ಊಟದ ತಟ್ಟೆ ಪಕ್ಕದಲ್ಲೇ ಇತ್ತು. ನಾವು ಮಾತಾಡುವಾಗಲೇ ಅದು ಮತ್ತೆ ಮತ್ತೆ ಗುಂಯ್‌ಗುಡುತ್ತಿತ್ತು. ಪ್ರತಿ ಸಲ ಅವನ ಕಣ್ಣು ಅತ್ತ ಹೋಗುತ್ತಿತ್ತು. ಗಿರಾಕಿ ಕರೆದರೆ ಏಳಬೇಕು, ಸಾಲ ಕೊಟ್ಟವರು ಕರೆದರೆ ಏಳಬೇಕು. ಇವರಲ್ಲಿ ಒಬ್ಬರಿಗಾದರೂ ಆಗಲ್ಲ ಅನ್ನಲು ಮನುಷ್ಯನಿಗೆ ಧೈರ್ಯ ಎಲ್ಲಿಂದ ಬರಬೇಕು? ಮಾಮಾಗೆ ಬಂತಲ್ಲ, ಎಷ್ಟು ಅಂತೀರಿ ಅಷ್ಟು ಅಂದ ಗಿರಾಕಿಯ ಎದುರು. ಅವರಿಗಿಂತ ದೊಡ್ಡ ಒಡೆಯನ ಮಾತು ಬೆನ್ನಿಗಿತ್ತು, ಅದಕ್ಕೇ ಬಂತು. ಆ ಮಾತು ಕೇಳಿದ್ದರಿಂದಲೇ ಆ ಹೊತ್ತು ಆ ಮನೆಯಲ್ಲಿ ಎಲ್ಲರಿಗಿಂತ ಸ್ವತಂತ್ರನಾಗಿ ನಿಂತವರು ಅವರು.

ಮಾಮಾ ನಲವತ್ತು ವರ್ಷದಿಂದ ಮಷಿನ್ ಮುಂದೆ ಬಾಗಿದವರು. ನಿಂತಾಗಲೂ ಕುತ್ತಿಗೆ ಸ್ವಲ್ಪ ಮುಂದಕ್ಕೇ ಇರುತ್ತದೆ. ಲೂಕನ ಸುವಾರ್ತೆಯಲ್ಲಿ ಹದಿನೆಂಟು ವರ್ಷದಿಂದ ನಡುಬಗ್ಗಿ ಹೋಗಿದ್ದ ಹೆಂಗಸೊಬ್ಬಳಿದ್ದಾಳೆ. ಯೇಸು ಅವಳನ್ನು ನೆಟ್ಟಗೆ ನಿಲ್ಲಿಸಿದ್ದು ಸಬ್ಬತ್ ದಿನವೇ. ಸಭಾಮಂದಿರದ ಅಧಿಕಾರಿಗೆ ಸಿಟ್ಟು ಬಂತು. ಕೆಲಸಕ್ಕೆ ಆರು ದಿನ ಇವೆ, ಆಗ ಬನ್ನಿ ಅಂದ. ನೀವು ಸಬ್ಬತ್ ದಿನ ಎತ್ತು, ಕತ್ತೆ ಬಿಚ್ಚಿ ನೀರಿಗೆ ಹೊಡೆದುಕೊಂಡು ಹೋಗೋದಿಲ್ವಾ, ಅಬ್ರಹಾಮನ ಮಗಳಾದ ಈಕೆಯ ಕಟ್ಟು ಬಿಚ್ಚಬಾರದಾ ಅಂತ ಯೇಸು ಕೇಳಿದ. ಇಲ್ಲೂ ಎತ್ತು ಬಂತು ನೋಡಿ. ನಮ್ಮ ಅಜ್ಜಿಯ ಐತವಾರದಲ್ಲಿ ಆ ಅಧಿಕಾರಿಯ ಸಿಟ್ಟು ಜಾಸ್ತಿ ಇತ್ತು. ಕಟ್ಟು ಬಿಚ್ಚುವುದು ಕಡಿಮೆ.

ಮಾಮಾ ಐತವಾರ ಮಷಿನ್ ಮೇಲಿನ ದುಪ್ಪಟಿ ತೆಗೆದದ್ದೂ ಉಂಟು. ಕೆಲವು ವರ್ಷದ ಹಿಂದೆ ಓಣಿಯಲ್ಲಿ ಒಂದು ಚಿಕ್ಕ ಮಗು ಜ್ವರದಲ್ಲಿ ತೀರಿಕೊಂಡಿತು. ಐತವಾರ ಸಂಜೆಯೇ ಮಣ್ಣು. ಆ ಅಪ್ಪ ಒಂದು ಬಿಳಿ ಬಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ. ಮಾಮಾ ಒಂದು ಮಾತಾಡಲಿಲ್ಲ. ಸಣ್ಣ ಅಂಗಿ ಹೊಲಿದರು, ಕುತ್ತಿಗೆಗೆ ಲೇಸು ಹಚ್ಚಿದರು, ಪೆಟ್ಟಿಗೆಯ ಒಳಗೆ ಹಾಸಲು ಮೆತ್ತನೆ ಬಟ್ಟೆ ಕೂಡಿಸಿಕೊಟ್ಟರು. ಆತ ಜೇಬಿಗೆ ಕೈ ಹಾಕಿದಾಗ ಆ ಕೈಯನ್ನೇ ಹಿಡಿದುಕೊಂಡರು. ಆವತ್ತಿನ ಐತವಾರವನ್ನೂ ಅವರು ಮಾರಲಿಲ್ಲ. ಕೊಟ್ಟರು. ತನ್ನದಾಗಿ ಉಳಿಸಿಕೊಂಡ ದಿನ ಇದ್ದವರಿಗೆ ಮಾತ್ರ ಹಾಗೆ ಕೊಡಲು ಬರುತ್ತದೆ.

ಐದೂ ಜಂಪರ್ ಮಂಗಳವಾರ ಮಧ್ಯಾಹ್ನಕ್ಕೇ ತಯಾರಾದವು. ಸೊಸೆ ಬಂದು ಒಯ್ದಳಂತೆ. ಡಬಲ್ ಕೊಡಲು ಬಂದರೆ ಮಾಮಾ ಎಂದಿನ ರೇಟೇ ತಗೊಂಡರಂತೆ. ಇದನ್ನು ಫೋನಿನಲ್ಲಿ ಹೇಳುವಾಗ ಮಾಮಾನ ಮಗನ ದನಿಯಲ್ಲಿ ಇನ್ನೂ ಬೇಸರ ಇತ್ತು. ಅಂಗಡಿ ತನ್ನ ಕೈಗೆ ಬಂದರೆ ಸೀಸನ್‌ನಲ್ಲಿ ಐತವಾರ ಅರ್ಧ ದಿನ ತೆಗೆಯುತ್ತೇನೆ ಅಂದ. ನೀನು ತೆಗೆ, ಬಿಡು, ಅದು ನೀನೂ ದೇವರೂ ಮಾತಾಡಿಕೊಳ್ಳುವ ವಿಷಯ ಅಂದೆ. ಆದರೆ ಆ ಇಬ್ಬರು ಹೆಣ್ಣುಮಕ್ಕಳಿಗೆ ಶನಿವಾರ ಸಂಜೆ ಎರಡು ದಿನದ ಪಗಾರ ಸಿಗುತ್ತೋ ಇಲ್ಲವೋ ಅಂತ ಕೇಳಿದೆ. ಅವನು ತಕ್ಷಣ ಉತ್ತರ ಕೊಡಲಿಲ್ಲ. ಅಪ್ಪನನ್ನು ಕೇಳಿ ಹೇಳ್ತೀನಿ ಅಕ್ಕಾ ಅಂದ.