ಅಜ್ಜಿಯ ಸೇವಂತಿಗೆ, ನನ್ನ ಸ್ಕ್ರೂಡ್ರೈವರ್

ನನ್ನದು ಮೈಕ್‌ಸೆಟ್ ಕೆಲಸ. ಮದುವೆ, ಗಣಪತಿ, ಯಕ್ಷಗಾನ, ವರ್ಷಕ್ಕೆ ನಾಲ್ಕಾರು ರಾಜಕೀಯ ಸಭೆ. 2023ರ ಫೆಬ್ರವರಿ 27ರಂದು ಶಿವಮೊಗ್ಗ ಹತ್ತಿರದ ಸೋಗಾನೆಯ ವಿಮಾನ ನಿಲ್ದಾಣ ಉದ್ಘಾಟನೆಗೆ ಪ್ರಧಾನಿ ಮೋದಿ ಬಂದಿದ್ದರಲ್ಲ, ಆಗ ಒಬ್ಬ ದೊಡ್ಡ ಗುತ್ತಿಗೆದಾರರ ಕೈಕೆಳಗೆ ಹಿಂದಿನ ಸಾಲಿನ ಸ್ಪೀಕರ್ ನೋಡಿಕೊಳ್ಳೋ ಕೆಲಸ ನನಗೂ ಸಿಕ್ಕಿತ್ತು.

ಗೇಟಿನಲ್ಲಿ ನನ್ನ ಟೂಲ್ ಬ್ಯಾಗನ್ನು ಮೇಜಿನ ಮೇಲೆ ಸುರಿದರು. ಸ್ಕ್ರೂಡ್ರೈವರ್ ನಾಲ್ಕು, ಕಟಿಂಗ್ ಪ್ಲೇಯರ್ ಒಂದು, ಟೆಸ್ಟರ್ ಎರಡು. ಎಲ್ಲ ಬರೆದುಕೊಂಡರು. ಇನ್ಸುಲೇಷನ್ ಟೇಪಿನ ಸುರುಳಿಯೊಳಗೂ ಬೆರಳು ಹಾಕಿ ನೋಡಿದರು. ನಾಯಿ ಬಂದು ಆಂಪ್ಲಿಫೈಯರ್ ಮೂಸಿತು. ನನ್ನ ಬುತ್ತಿಯನ್ನು ಸ್ವಲ್ಪ ಜಾಸ್ತಿಯೇ ಮೂಸಿತು. ಇದ್ದದ್ದು ಮೊಸರವಲಕ್ಕಿ, ಪಾಪ.

ವೇದಿಕೆ ಹತ್ತಿರ ಸಫಾರಿ ಸೂಟಿನವರು ಓಡಾಡುತ್ತಿದ್ದರು. ಎಸ್‌ಪಿಜಿ, ಅಂದರೆ ಸ್ಪೆಷಲ್ ಪ್ರೊಟೆಕ್ಷನ್ ಗ್ರೂಪ್. ಪ್ರಧಾನಿಯ ಮೈಗೆ ಅಂಟಿದ ಕಾವಲು ಇವರದು. ಬೇಲಿ, ರಸ್ತೆ, ಜನಜಂಗುಳಿ ಎಲ್ಲ ರಾಜ್ಯ ಪೊಲೀಸರ ಪಾಲಿಗೆ. ಅವತ್ತು ಯಡಿಯೂರಪ್ಪನವರ 80ನೇ ಹುಟ್ಟುಹಬ್ಬ. ಎಲ್ಲರೂ ಮೊಬೈಲ್ ಟಾರ್ಚ್ ಹಾಕಿ ಅಂತ ಪ್ರಧಾನಿ ಕೇಳಿದರು. ಹಾಡುಹಗಲಲ್ಲಿ ಮೈದಾನದ ತುಂಬ ಟಾರ್ಚು. ನಾನೂ ಹಾಕಿದೆ. ಸಫಾರಿಯವರು ಮಾತ್ರ ವೇದಿಕೆ ಕಡೆ ತಿರುಗಲೇ ಇಲ್ಲ, ಅವರ ಕಣ್ಣೆಲ್ಲ ನಮ್ಮ ಮೇಲೆ.

ರಾತ್ರಿ ಮನೆಗೆ ಬಂದಾಗ ಅಜ್ಜಿ ಕೇಳಿದ್ದು ಒಂದೇ ಪ್ರಶ್ನೆ.

"ಹತ್ತಿರ ಹೋಗಿ ಕೈ ಮುಗಿದ್ಯೇನೋ?"

"ಇಲ್ಲ ಅಜ್ಜಿ. ಬೇಲಿ ಆಚೆ ಇದ್ದೆ."

"ಅಷ್ಟು ದೂರ ಹೋಗಿ ಬರೀ ವೈರ್ ನೋಡ್ಕೊಂಡು ಬಂದ್ಯಾ!"

ಅಜ್ಜಿಯ ಲೆಕ್ಕ ಬೇರೆ. 1978ರಲ್ಲಿ ಡಿ.ಬಿ. ಚಂದ್ರೇಗೌಡರು ಬಿಟ್ಟುಕೊಟ್ಟ ಚಿಕ್ಕಮಗಳೂರು ಕ್ಷೇತ್ರಕ್ಕೆ ಇಂದಿರಾ ಗಾಂಧಿ ನಿಂತರು. ಆಗ ಅವರು ಮಾಜಿ ಪ್ರಧಾನಿ. ವೀರೇಂದ್ರ ಪಾಟೀಲರನ್ನು 77 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋಲಿಸಿದರು. ಅಜ್ಜಿ ಆಗ ಕಾಫಿ ತೋಟದ ಕೆಲಸಕ್ಕೆ ಹೋಗುತ್ತಿದ್ದಳು. ರಸ್ತೆ ಬದಿ ನಿಂತು, ಬಾಳೆಲೆಯಲ್ಲಿ ಕಟ್ಟಿದ ಸೇವಂತಿಗೆ ಪೊಟ್ಟಣವನ್ನು ಇಂದಿರಮ್ಮನ ಕೈಗೇ ಕೊಟ್ಟಳಂತೆ. "ಕೈ ತಣ್ಣಗಿತ್ತು ಕಣೋ" ಅಂತ ಈಗಲೂ ಹೇಳುತ್ತಾಳೆ.

ಆ ರಸ್ತೆ ಬದಿಯಿಂದ ಸೋಗಾನೆ ಬೇಲಿವರೆಗೆ ಏನಾಯ್ತು ಅಂತ ಆಮೇಲೆ ಕೂತು ಓದಿದೆ. 1981ರವರೆಗೆ ದಿಲ್ಲಿಯಲ್ಲಿ ಪ್ರಧಾನಿಯ ಕಾವಲು ದಿಲ್ಲಿ ಪೊಲೀಸರದ್ದು. ಆಮೇಲೆ ಗುಪ್ತಚರ ದಳದ ಒಂದು ಪಡೆಯೂ ಸೇರಿಕೊಂಡಿತು. 1984ರ ಅಕ್ಟೋಬರ್ 31ರಂದು ಇಂದಿರಾರನ್ನು ಅವರ ಮನೆಯಲ್ಲೇ ಕೊಂದರು. ಕೊಂದವರು ಕಾವಲಿಗಿದ್ದ ಇಬ್ಬರು ಪೊಲೀಸರೇ. ಪ್ರಧಾನಿಯ ಕಾವಲು ಹೇಗಿರಬೇಕು ಅಂತ ನೋಡಲು ಮುಂದಿನ ಫೆಬ್ರವರಿಯಲ್ಲಿ ಬೀರ್‌ಬಲ್ ನಾಥ್ ಸಮಿತಿ ಮಾಡಿದರು. ಒಂದು ತಿಂಗಳಲ್ಲಿ ವರದಿ ಬಂತು, 1985ರ ಏಪ್ರಿಲ್ 8ಕ್ಕೆ ಎಸ್‌ಪಿಜಿ ಹುಟ್ಟಿಯೂ ಆಯ್ತು. ನಮ್ಮ ಸರ್ಕಾರದಲ್ಲಿ ಇಷ್ಟು ಬೇಗ ಆದ ಕೆಲಸ ನಾನು ಬೇರೆ ಕೇಳಿಲ್ಲ. ಮೊದಲಿಗೆ 819 ಹುದ್ದೆ, ಸಂಪುಟ ಸಚಿವಾಲಯದ ಅಡಿಯಲ್ಲಿ. ಕಾಯ್ದೆ ಬಂದದ್ದು ಮಾತ್ರ 1988ರಲ್ಲಿ. ಅಲ್ಲಿಯವರೆಗೆ ಸರ್ಕಾರಿ ಆದೇಶದ ಮೇಲೇ ನಡೆಯಿತು.

ಆ ಕಾಯ್ದೆಯಲ್ಲಿ ಮಾಜಿ ಪ್ರಧಾನಿಗಳಿಗೆ ಕಾವಲು ಇರಲಿಲ್ಲ. 1989ರ ಕೊನೆಗೆ ರಾಜೀವ್ ಗಾಂಧಿ ಅಧಿಕಾರ ಬಿಟ್ಟರು, ಎಸ್‌ಪಿಜಿಯೂ ಅವರನ್ನು ಬಿಟ್ಟಿತು. 1991ರ ಮೇ 21ರಂದು ಶ್ರೀಪೆರಂಬದೂರಿನಲ್ಲಿ ಒಬ್ಬ ಹುಡುಗಿ ಹಾರ ಹಿಡಿದು ಹತ್ತಿರ ಬಂದಳು, ಕಾಲಿಗೆ ಬೀಳುವಂತೆ ಬಗ್ಗಿದಳು, ಬಾಂಬ್ ಸಿಡಿದು ರಾಜೀವ್ ತೀರಿಕೊಂಡರು. ಅದೇ ವರ್ಷ ಕಾಯ್ದೆ ತಿದ್ದಿ ಮಾಜಿ ಪ್ರಧಾನಿಗಳನ್ನೂ ಅವರ ಮನೆಯವರನ್ನೂ ಸೇರಿಸಿದರು. ಆಮೇಲೆ ಒಮ್ಮೆ ಹಿಗ್ಗಿಸೋದು, ಒಮ್ಮೆ ಕುಗ್ಗಿಸೋದು. ನಮ್ಮ ದೇವೇಗೌಡರಿಗೆ ಕೊಟ್ಟಿದ್ದನ್ನೂ ಮುಂದೆ ವಾಪಸ್ ತೆಗೆದರು. 2019ರ ತಿದ್ದುಪಡಿಯಿಂದ ಹಾಲಿ ಪ್ರಧಾನಿಗೆ, ಅವರ ಜೊತೆ ಸರ್ಕಾರಿ ನಿವಾಸದಲ್ಲಿರೋ ಹತ್ತಿರದ ಮನೆಯವರಿಗೆ ಮಾತ್ರ. ಕುರ್ಚಿ ಬಿಟ್ಟ ಮೇಲೆ ಐದು ವರ್ಷ ಇರುತ್ತೆ, ಅಷ್ಟೇ.

ಈ ಪಡೆಯ ಮುಖ್ಯಸ್ಥರು ಯಾರು ಅಂತ ನಮ್ಮ ಅಂಗಡಿ ಹತ್ತಿರ ಕೇಳಿ ನೋಡಿ. ಒಬ್ಬರಿಗೂ ಗೊತ್ತಿರಲ್ಲ. ಸಿನಿಮಾ ನಟರ ಬಾಡಿಗಾರ್ಡ್ ಹೆಸರು ಬೇಕಾದರೆ ಹೇಳುತ್ತಾರೆ. ಸೋಗಾನೆ ಸಭೆ ನಡೆದಾಗ ನಿರ್ದೇಶಕರಾಗಿದ್ದವರು ಅರುಣ್ ಕುಮಾರ್ ಸಿನ್ಹಾ, ಕೇರಳ ಕೇಡರ್‌ನ ಐಪಿಎಸ್ ಅಧಿಕಾರಿ. 2016ರಿಂದ ಅವರೇ ಇದ್ದರು. ಆ ಸಭೆಯಾಗಿ ಆರು ತಿಂಗಳು ಕಳೆದಿತ್ತಷ್ಟೇ, ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು. 61 ವರ್ಷ. ಪೇಪರಿನಲ್ಲಿ ಫೋಟೊ ಬಂದಾಗಲೇ ನಾನು ಆ ಮುಖ ನೋಡಿದ್ದು. ನಂತರ ಅಲೋಕ್ ಶರ್ಮಾ ಬಂದರು. ಇನ್ನೊಂದು ವಿಷಯ, ಈ ಪಡೆಗೆ ನೇರ ನೇಮಕಾತಿ ಇಲ್ಲ. ಸಿಆರ್‌ಪಿಎಫ್, ಬಿಎಸ್‌ಎಫ್‌ನಂಥ ಪಡೆಗಳಿಂದ, ರಾಜ್ಯ ಪೊಲೀಸಿನಿಂದ ಆರಿಸಿ ಕರೆಸಿಕೊಳ್ಳುತ್ತಾರೆ. ಕೆಲವು ವರ್ಷ ಆದಮೇಲೆ ತಮ್ಮ ತಮ್ಮ ಪಡೆಗೆ ವಾಪಸ್.

ಸಭೆ ಮುಗಿದು ಹೊರಗೆ ಬರುವಾಗ ನನ್ನ ಸ್ಕ್ರೂಡ್ರೈವರ್ ಮತ್ತೆ ಎಣಿಸಿದರು. ಮೂರೇ ಇತ್ತು. ಎದೆ ಧಸಕ್ ಅಂತು. ಆಮೇಲೆ ನೋಡಿದರೆ ನಾಲ್ಕನೆಯದು ಪ್ಯಾಂಟಿನ ಹಿಂದಿನ ಜೇಬಲ್ಲಿತ್ತು. ಎಣಿಸುತ್ತಿದ್ದ ಹುಡುಗ ನಗಲೂ ಇಲ್ಲ, ಬೈಯಲೂ ಇಲ್ಲ. ಚೀಟಿಯಲ್ಲಿ ಟಿಕ್ ಹಾಕಿ ಕಳಿಸಿದ.

ಮೊನ್ನೆ ಅಜ್ಜಿಗೆ ಶ್ರೀಪೆರಂಬದೂರಿನ ಹಾರದ ಕಥೆ ಹೇಳಿದೆ. ಅಡಿಕೆ ಕತ್ತರಿಸುತ್ತಿದ್ದವಳು ಕೈ ನಿಲ್ಲಿಸಿದಳು.

"ನನ್ನ ಪೊಟ್ಟಣ ಯಾರೂ ಬಿಚ್ಚಿ ನೋಡ್ಲೇ ಇಲ್ಲ ಕಣೋ" ಅಂದಳು.