ಸೌದೆ ಸೀಳುವ ಯಂತ್ರಕ್ಕೆ ಎಷ್ಟು ಟನ್ ಬೇಕು?

ಶಿವಮೊಗ್ಗದ ನಮ್ಮ ವರ್ಕ್‌ಶಾಪಿಗೆ ಹೈಡ್ರಾಲಿಕ್, ಅಂದರೆ ಎಣ್ಣೆಯ ಒತ್ತಡದಿಂದ ನಡೆಯುವ, ಸೌದೆ ಸೀಳುವ ಯಂತ್ರ ಕೇಳಿಕೊಂಡು ಬರುವವರಲ್ಲಿ ಹೆಚ್ಚಿನವರು ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಅಡಿಕೆ ಬೆಳೆಗಾರರು. ಕೊಯ್ಲು ಶುರುವಾದರೆ ಸುಲಿದ ಅಡಿಕೆಯನ್ನು ತಡಮಾಡದೆ ಬೇಯಿಸಬೇಕಾಗುವುದರಿಂದ ಒಲೆಯ ಪಕ್ಕದಲ್ಲಿ ಸೀಳಿದ ಸೌದೆ ಸದಾ ಇರಬೇಕು. ಕೊಡಲಿ ಹಿಡಿದು ದಿಮ್ಮಿ ಸೀಳುವ ಆಳುಗಳು ಈಗ ಸುಲಭವಾಗಿ ಸಿಗುವುದಿಲ್ಲ. ಬಂದವರ ಮೊದಲ ಪ್ರಶ್ನೆ ‘ಎಷ್ಟು ಟನ್?’, ಅಂದರೆ ದಿಮ್ಮಿಯನ್ನು ತಳ್ಳುವ ಬಲ ಎಷ್ಟು ಎಂಬುದು. ವಿನ್ಯಾಸದ ಕೆಲಸದಲ್ಲಿ ನಾನು ಕಂಡುಕೊಂಡಂತೆ ಇದು ಇಡೀ ಯಂತ್ರದ ಅತಿ ಸುಲಭದ ಲೆಕ್ಕ. ಆ ಬಲವನ್ನು ಯಂತ್ರದ ಉದ್ದಕ್ಕೂ ಇರುವ ಉಕ್ಕಿನ ತೊಲೆ, ಅಂದರೆ ಬೀಮು, ಹೇಗೆ ತಡೆದುಕೊಳ್ಳುತ್ತದೆ, ಬಲವೇ ಬೇಡದ ಹೊತ್ತಿನಲ್ಲಿ ಎಣ್ಣೆ ಎಷ್ಟು ಬೇಗ ಹರಿಯುತ್ತದೆ ಎಂಬುದರ ಮೇಲೆ ಯಂತ್ರದ ಬಾಳಿಕೆಯೂ ಕೆಲಸದ ವೇಗವೂ ನಿಂತಿವೆ.

ಒಳವ್ಯಾಸ 100 ಮಿ.ಮೀ. ಇರುವ ಸಿಲಿಂಡರಿಗೆ 175 ಬಾರ್ ಒತ್ತಡ ಕೊಟ್ಟರೆ ಸುಮಾರು 14 ಟನ್ ಬಲ ಸಿಗುತ್ತದೆ. ತೋಟದ ಅಂಚಿನ ಅಕೇಶಿಯಾ, ಸಿಲ್ವರ್ ಓಕ್ ದಿಮ್ಮಿಗಳಿಗೆ ಸಾಮಾನ್ಯವಾಗಿ ಇಷ್ಟು ಸಾಕು. ಒಣಗಿದ ನೀಲಗಿರಿ ಮತ್ತು ಗಂಟು ತುಂಬಿದ ಬುಡದ ತುಂಡುಗಳ ಎಳೆ ಹೆಣೆದುಕೊಂಡಿರುವುದರಿಂದ ಅವು ಹಠ ಮಾಡುತ್ತವೆ. ಅಂಥವನ್ನು ನಡುವಿನಿಂದ ಒಡೆಯಲು ಹೋಗದೆ ಅಂಚಿನಿಂದ ಹಲಗೆಯಂತೆ ಸೀಳುತ್ತಾ ಬಂದರೆ ಅದೇ 14 ಟನ್ ಸಾಲುತ್ತದೆ. ಒತ್ತಡ ಮಿತಿ ಮೀರದಂತೆ ತಡೆಯುವ ರಿಲೀಫ್ ವಾಲ್ವಿನ ತಿರುಪು ಬಿಗಿ ಮಾಡಿ ಒತ್ತಡ ಏರಿಸುವ ಅಭ್ಯಾಸವನ್ನು ನಾನು ಒಪ್ಪುವುದಿಲ್ಲ. ಹೆಚ್ಚಿದ ಬಲವೆಲ್ಲ ಮರದ ಮೇಲೆ ಬಿದ್ದಷ್ಟೇ ಬೀಮಿನ ಮೇಲೂ ಬೀಳುತ್ತದೆ.

ಬೀಮಿನ ವಿಷಯಕ್ಕೆ ಸ್ವಲ್ಪ ವಿವರ ಬೇಕು. ಸಿಲಿಂಡರ್ ಒಂದು ತುದಿಯಿಂದ ದಿಮ್ಮಿಯನ್ನು ತಳ್ಳುತ್ತದೆ, ಇನ್ನೊಂದು ತುದಿಯ ಬೆಣೆ ಅದನ್ನು ತಡೆಯುತ್ತದೆ. ಇವೆರಡನ್ನೂ ಹಿಡಿದಿರುವ ಬೀಮು ಈ ಎಳೆತದ ಜೊತೆಗೆ ಬಾಗುವಿಕೆಯನ್ನೂ ಸಹಿಸಬೇಕಾಗುತ್ತದೆ. ಏಕೆಂದರೆ ಬಲ ಸಾಗುವ ರೇಖೆ ಬೀಮಿನ ನಡುವೆ ಹಾದುಹೋಗದೆ ಅದರ ಮೇಲ್ಮೈಯಿಂದ ಸುಮಾರು 80 ಮಿ.ಮೀ. ಎತ್ತರದಲ್ಲಿರುತ್ತದೆ. ಐಎಸ್‌ಎಂಬಿ 150 (150 ಮಿ.ಮೀ. ಎತ್ತರದ ಐ ಆಕಾರದ) ಬೀಮು ಹಾಕಿದರೆ ಮೇಲಿನ ಫ್ಲ್ಯಾಂಜಿನಲ್ಲಿ, ಅಂದರೆ ಮೇಲಿನ ಅಗಲ ಪಟ್ಟಿಯಲ್ಲಿ, ಎಳೆತ, ಬಾಗುವಿಕೆ ಎರಡೂ ಸೇರಿ ಸುಮಾರು 290 ಮೆಗಾಪಾಸ್ಕಲ್ ಆಂತರಿಕ ಒತ್ತಡ ಬರುತ್ತದೆ; ಭಾರತೀಯ ಮಾನಕ ಐಎಸ್ 2062ರ ಸಾಮಾನ್ಯ ಇ250 ಉಕ್ಕು 250ಕ್ಕೇ ಇಳುವರಿ ಬಿಂದು, ಅಂದರೆ ಶಾಶ್ವತವಾಗಿ ಬಗ್ಗತೊಡಗುವ ಹಂತ, ಮುಟ್ಟುತ್ತದೆ. ರಿಪೇರಿಗೆ ಬರುವ ಯಂತ್ರಗಳ ಬೀಮು ಬಿಲ್ಲಿನಂತೆ ಬಗ್ಗಿರುವುದು ಇದರಿಂದಲೇ. ಐಎಸ್‌ಎಂಬಿ 200 ಹಾಕಿದರೆ ಅದೇ ಲೆಕ್ಕ ಸುಮಾರು 153ಕ್ಕೆ ಇಳಿಯುತ್ತದೆ. ಎರಡು ಮೀಟರ್ ಉದ್ದಕ್ಕೆ ಹೆಚ್ಚುವ ತೂಕ ಸುಮಾರು 21 ಕಿಲೋ ಮಾತ್ರ. ಬಗ್ಗಿದ ಬೀಮಿನ ಮೇಲೆ ಪ್ಲೇಟು ಹೊದಿಸಿ ಬೆಸುಗೆ ಹಾಕುವವರು ಬೀಮಿನ ಆಳ ಹೆಚ್ಚಿಸುವುದರ ಲಾಭವನ್ನು ಗಮನಿಸಿರುವುದಿಲ್ಲ.

ಬೀಮು ಗಟ್ಟಿಯಾದ ಮೇಲೆ ದುರ್ಬಲ ಜಾಗ ಬೆಣೆಯ ಬುಡಕ್ಕೆ ಸರಿಯುತ್ತದೆ. ದಿಮ್ಮಿಯ ಕಡೆಗಿರುವ ಬೆಸುಗೆ ಪ್ರತಿ ಸೀಳಿಗೂ ಎಳೆತಕ್ಕೆ ಸಿಕ್ಕು, ಬಿರುಕು ಮೊದಲು ಅಲ್ಲಿಯೇ ಕಾಣಿಸಿಕೊಳ್ಳುತ್ತದೆ. ಬೆಣೆಯ ಹಿಂದೆ ಬೀಮನ್ನು ಒಂದು ಅಡಿಯಷ್ಟು ಹೆಚ್ಚು ಬಿಟ್ಟು, ಅಷ್ಟುದ್ದಕ್ಕೂ ಇಳಿಜಾರಾದ ಆಸರೆ ಪ್ಲೇಟುಗಳನ್ನು ಕೊಟ್ಟು, ಬೆಣೆಯ ನೇರ ಕೆಳಗೆ ಫ್ಲ್ಯಾಂಜುಗಳ ನಡುವೆಯೂ ಪ್ಲೇಟು ಕೂರಿಸಿದರೆ ಆ ಬೆಸುಗೆಯ ಹೊರೆ ಬಹಳಷ್ಟು ತಗ್ಗುತ್ತದೆ. ಬೆಣೆಗೆ ಇಎನ್8 ಉಕ್ಕು ಬಳಸುವುದಾದರೆ ಅದರಲ್ಲಿ ಶೇ. 0.4ರಷ್ಟು ಇಂಗಾಲ ಇರುವುದರಿಂದ ಬೆಸುಗೆಗೆ ಮುನ್ನ ಬಿಸಿ ಮಾಡಲೇಬೇಕು. ಮಳೆಗಾಲದ ತಣ್ಣನೆಯ ಶೆಡ್ಡಿನಲ್ಲಿ ಈ ಹಂತವನ್ನು ಹಾರಿಸಿದರೆ ಬೆಸುಗೆಯ ಪಕ್ಕದಲ್ಲೇ ಲೋಹ ಸೀಳುತ್ತದೆ. ಸಿಲಿಂಡರನ್ನು ಬೋಲ್ಟ್ ಹಾಕಿ ಬಿಗಿದು ಕಟ್ಟದೆ ಪಿನ್ನಿನ ಮೇಲೆ ಕೂರಿಸುವುದು, ತಳ್ಳುವ ಹಲಗೆಯನ್ನು ಬೀಮಿನ ಫ್ಲ್ಯಾಂಜಿಗೆ ಹಿಡಿದು ಜಾರುವಂತೆ ಮಾಡುವುದು ಸಹ ಅಷ್ಟೇ ಅಗತ್ಯ. ಗಂಟಿನ ದಿಮ್ಮಿ ಓರೆಯಾಗಿ ಒತ್ತಿದಾಗ ಆ ಪಕ್ಕದ ಬಲವನ್ನು ಸಿಲಿಂಡರಿನಿಂದ ಹೊರಬಂದು ಹಲಗೆಯನ್ನು ತಳ್ಳುವ ರಾಡು ಹೊರಬಾರದು.

ಇನ್ನು ವೇಗ. 600 ಮಿ.ಮೀ. ಚಲನೆಗೆ ಈ ಸಿಲಿಂಡರ್ 4.7 ಲೀಟರ್ ಎಣ್ಣೆ ಕುಡಿಯುತ್ತದೆ. ನಿಮಿಷಕ್ಕೆ 20 ಲೀಟರ್ ಕೊಡುವ ಒಂದೇ ಹಂತದ ಪಂಪಿನಲ್ಲಿ ಮುಂದೆ ಹೋಗಲು 14 ಸೆಕೆಂಡು ಬೇಕು. 175 ಬಾರ್‌ನಲ್ಲಿ ಅದನ್ನು ತಿರುಗಿಸಲು ನಷ್ಟವೂ ಸೇರಿ ಸುಮಾರು 7 ಕಿಲೋವ್ಯಾಟ್, ಅಂದರೆ 9 ಎಚ್‌ಪಿಗೂ ಮೀರಿದ ಮೋಟರ್ ಬೇಕು. ಆದರೆ ಪೂರ್ಣ ಒತ್ತಡ ಬೇಕಾಗುವುದು ಬೆಣೆ ಕಚ್ಚಿ ಬಿರುಕು ತೆರೆಯುವವರೆಗಿನ ಕೆಲವೇ ಇಂಚು ಮಾತ್ರ. ಎರಡು ಹಂತದ ಪಂಪು 40 ಬಾರ್‌ವರೆಗೆ ನಿಮಿಷಕ್ಕೆ 40 ಲೀಟರ್ ಕೊಟ್ಟು, ಒತ್ತಡ ಏರಿದೊಡನೆ ತಾನಾಗಿ 10 ಲೀಟರಿಗೆ ಇಳಿಯುತ್ತದೆ. ಹೀಗಾಗಿ 5 ಎಚ್‌ಪಿ ಮೋಟರಿನಲ್ಲೇ, 100 ಮಿ.ಮೀ.ಯಷ್ಟು ನಿಧಾನದ ಒತ್ತು ಇದ್ದರೂ, ಮುಂದಿನ ಚಲನೆ 11 ಸೆಕೆಂಡಿಗೆ ಮುಗಿಯುತ್ತದೆ, 50 ಮಿ.ಮೀ. ರಾಡು ಇದ್ದರೆ ಹಿಂದಿರುಗಲು 5 ಸೆಕೆಂಡು ಚಿಲ್ಲರೆ. ಒಂದೂವರೆ ಅಡಿಯ ದಿಮ್ಮಿಗೆ ರಾಡು ಪೂರ್ತಿ ಹಿಂದೆ ಹೋಗಬೇಕಾಗಿಲ್ಲವಾದ್ದರಿಂದ ಸರಿಸಬಹುದಾದ ಒಂದು ತಡೆ ಇಟ್ಟರೆ ಇನ್ನಷ್ಟು ಹೊತ್ತು ಉಳಿಯುತ್ತದೆ. ಇದಕ್ಕಿಂತ ದೊಡ್ಡ ಪಂಪು ಹಾಕಲು ನಾನು ಹಿಂಜರಿಯುತ್ತೇನೆ. ಈಗಾಗಲೇ ಹಲಗೆ ಸೆಕೆಂಡಿಗೆ ಸುಮಾರು 8.5 ಸೆಂ.ಮೀ. ಚಲಿಸುತ್ತದೆ, ದಿಮ್ಮಿ ಹಿಡಿದ ಕೈ ತೆಗೆಯಲು ಸಮಯ ಬೇಕು. ಎರಡೂ ಕೈಯಿಂದ ಒತ್ತಿದರೆ ಮಾತ್ರ ಮುಂದೆ ಸಾಗುವ ಲಿವರುಗಳಿಲ್ಲದೆ ಯಂತ್ರವನ್ನು ಹೊರಗೆ ಕಳುಹಿಸಬಾರದು ಎಂಬುದು ನನ್ನ ಅಭಿಪ್ರಾಯ.

ರಾಡು ಹಿಂದಿರುಗುವಾಗ ಟ್ಯಾಂಕಿಗೆ ಮರಳುವ ಎಣ್ಣೆ ಪಂಪಿನ 40 ಲೀಟರಿಗಿಂತ ಹೆಚ್ಚು, ಅಂದರೆ ನಿಮಿಷಕ್ಕೆ 53 ಲೀಟರಿನಷ್ಟಿರುತ್ತದೆ; ಏಕೆಂದರೆ ಪಿಸ್ಟನ್ನಿನಲ್ಲಿ ರಾಡಿನ ಬದಿಗಿಂತ ಇನ್ನೊಂದು ಬದಿಯ ವಿಸ್ತೀರ್ಣ ದೊಡ್ಡದು. ವಾಲ್ವು, ಹೋಸು, ಫಿಲ್ಟರುಗಳನ್ನು ಪಂಪಿನ ಅಂಕಿ ನೋಡಿ ಆರಿಸಿದರೆ ಎಣ್ಣೆ ಬೇಗ ಕಾಯುತ್ತದೆ, ಹಿಂದಿರುಗುವಿಕೆಯೂ ಎಳೆದಂತಾಗುತ್ತದೆ.

ವರ್ಷಕ್ಕೆ ಸರಾಸರಿ 7000 ಮಿ.ಮೀ. ದಾಟಿ ಮಳೆ ಬೀಳುವ ಆಗುಂಬೆಯ ಸುತ್ತಮುತ್ತ ಯಂತ್ರ ತಿಂಗಳುಗಟ್ಟಲೆ ಸುಮ್ಮನೆ ನಿಂತಿರುತ್ತದೆ. ಟ್ಯಾಂಕಿನ ಗಾಳಿಯ ತೇವ ನೀರಾಗಿ ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಹೊಸ ಎಣ್ಣೆ ಹಾಕಿಯೇ ಚಾಲೂ ಮಾಡಬೇಕು. ಮಳೆಗೆ ಮುನ್ನ ರಾಡನ್ನು ಪೂರ್ತಿ ಒಳಗೆಳೆದು ನಿಲ್ಲಿಸಿರಿ. ಹೊರಗುಳಿದ ಕ್ರೋಮ್ ಮೇಲ್ಮೈಯಲ್ಲಿ ತುಕ್ಕಿನ ಗುಳಿ ಬಿದ್ದರೆ ಎಣ್ಣೆ ಸೋರದಂತೆ ತಡೆಯುವ ಸೀಲ್ ಹೊಸದು ಹಾಕಿದರೂ ಅದು ಮತ್ತೆ ಹರಿದು ಹಾಳಾಗುತ್ತದೆ, ಕೊನೆಗೆ ರಾಡನ್ನೇ ಬದಲಿಸಬೇಕಾಗುತ್ತದೆ.