ಕಾಣೆಯಾದ ಹತ್ತೂವರೆ ಸೆಕೆಂಡು

ನಮ್ಮ ಭೌತಶಾಸ್ತ್ರದ ಮೇಷ್ಟ್ರು ತೀರಿಹೋದ ಸುದ್ದಿ ಬಂದ ರಾತ್ರಿ ನನಗೆ ಮೊದಲು ನೆನಪಾದದ್ದು ಲ್ಯಾಬಿನ ಸ್ಟಾಪ್‌ವಾಚು. 1987, ಸಕಲೇಶಪುರ, ದ್ವಿತೀಯ ಪಿಯುಸಿ. ಆ ವರ್ಷ ಓದಿದ್ದರಲ್ಲಿ ಮುಕ್ಕಾಲು ಪಾಲು ಮರೆತಿದೆ. ಅವರು ಬೋರ್ಡಿನ ಮೇಲೆ ತಂದು ನಿಲ್ಲಿಸಿದ ಬಸ್ಸು ಮಾತ್ರ ಇನ್ನೂ ಅಲ್ಲೇ ಇದೆ.

"ಜನ, ಲಗೇಜು ಎಲ್ಲ ಸೇರಿ 12 ಟನ್. ಎಂಜಿನ್ 110 ಅಶ್ವಶಕ್ತಿ, ಸುಮಾರು 80 ಕಿಲೋವ್ಯಾಟ್ ಅನ್ನಿ. ನಿಂತಲ್ಲಿಂದ ಗಂಟೆಗೆ 36 ಕಿ.ಮೀ. ವೇಗಕ್ಕೆ ಎಷ್ಟು ಹೊತ್ತು?"

36 ಅಂದರೆ ಸೆಕೆಂಡಿಗೆ 10 ಮೀಟರ್. ಚಲನಶಕ್ತಿ, ಅಂದರೆ ದ್ರವ್ಯರಾಶಿಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದ್ದು, 600 ಕಿಲೋಜೂಲ್. 80ರಿಂದ ಭಾಗಿಸಿದರೆ 7.5 ಸೆಕೆಂಡು. ಮೊದಲು ಎದ್ದು ಹೇಳಿದವನು ನಾನೇ. ಮೇಷ್ಟ್ರು ತಲೆಯಾಡಿಸಿದರು, ಶಹಭಾಸ್ ಅನ್ನಲಿಲ್ಲ.

ಮರುದಿನ ನಾವು ಮೂವರು ಸ್ಟಾಪ್‌ವಾಚನ್ನು ಹೇಳದೆ ಕೇಳದೆ ಜೇಬಿಗಿಳಿಸಿ, ಕ್ಲಾಸಿಗೆ ಚಕ್ಕರ್ ಹೊಡೆದು ಹಾಸನದ ಬಸ್ಸು ಹತ್ತಿದೆವು. ಡ್ರೈವರ್ ಹಿಂದೆಯೇ ನಿಂತು, ಸ್ಪೀಡೋಮೀಟರಿನ ಮುಳ್ಳು ನೋಡುತ್ತ ಅಳೆದೆವು: 17, 19, 18 ಸೆಕೆಂಡು; ಸರಾಸರಿ 18. ದುಡ್ಡಿದ್ದದ್ದು ಬಾಳ್ಳುಪೇಟೆಯವರೆಗೆ, ವಾಪಸ್ ಬಂದದ್ದು ಲಾರಿಯಲ್ಲಿ.

ಮೇಷ್ಟ್ರು ಲ್ಯಾಬಿನ ಬಾಗಿಲಲ್ಲೇ ನಿಂತಿದ್ದರು. ವಾಚು ಇಸಕೊಂಡರು, ನೋಟ್‌ಬುಕ್ಕನ್ನೂ ಇಸಕೊಂಡರು. ಓದಿ ಕೇಳಿದ್ದು ಒಂದೇ ಮಾತು: "ಉಳಿದ ಹತ್ತೂವರೆ ಸೆಕೆಂಡು ಎಲ್ಲಿ ಹೋಯ್ತೋ?"

ಅವತ್ತಿನ ಪೀರಿಯಡ್ಡೆಲ್ಲ ಅದಕ್ಕೇ ಹೋಯಿತು. ಕ್ಲಚ್ ಒತ್ತಿ ಗೇರ್ ಬದಲಿಸುವಷ್ಟು ಹೊತ್ತು ಚಕ್ರಕ್ಕೆ ಬಲವೇ ಇಲ್ಲ. 110 ಅಶ್ವಶಕ್ತಿ ಪೂರ್ತಿ ಸಿಗುವುದು ಎಂಜಿನ್ ಜೋರಾಗಿ ತಿರುಗುವಾಗ ಮಾತ್ರ. ಟೈರು, ಗೇರ್‌ಬಾಕ್ಸು ತಮ್ಮ ಪಾಲು ತಿನ್ನುತ್ತವೆ. ಆಮೇಲೆ ಗುಂಡ್ಯದಿಂದ ಸಕಲೇಶಪುರಕ್ಕೆ ಏರುವ ಶಿರಾಡಿ ಘಾಟಿ. ಸಾಮರ್ಥ್ಯವನ್ನು ದ್ರವ್ಯರಾಶಿಯಿಂದ ಭಾಗಿಸಿ, ಮತ್ತೆ ವೇಗದಿಂದ ಭಾಗಿಸಿದರೆ ವೇಗೋತ್ಕರ್ಷ; ವೇಗ ಇಮ್ಮಡಿಯಾದರೆ ಅದು ಅರ್ಧ. 36ರಲ್ಲಿ ಪ್ರತಿ ಸೆಕೆಂಡಿಗೆ 0.67 ಮೀ/ಸೆ ಇದ್ದದ್ದು 72ರಲ್ಲಿ 0.33. ರಸ್ತೆ 20 ಮೀಟರಿಗೆ 1 ಮೀಟರ್ ಏರುತ್ತಿದ್ದರೆ ಗುರುತ್ವವೇ 0.49 ಕಿತ್ತುಕೊಳ್ಳುತ್ತದೆ. "ಗುಂಡ್ಯ ದಾಟಿದ ಮೇಲೆ ಬಸ್ಸು ಯಾಕೆ ಏದುಸಿರು ಬಿಡುತ್ತೆ, ಗೊತ್ತಾಯ್ತಾ?"

ನನ್ನ ಮಗಳ ಕೋಚಿಂಗ್ ಪುಸ್ತಕದಲ್ಲೂ ಇಂಥದೇ ಲೆಕ್ಕವಿದೆ, ನಾಲ್ಕು ಉತ್ತರಗಳ ಜೊತೆ. ಸರಿಯಾದದ್ದಕ್ಕೆ ಗುರುತು ಹಾಕಿದರೆ ಅಂಕ ಬಂತು, ಮುಂದಿನ ಪ್ರಶ್ನೆ. ಬಸ್ಸು ಹತ್ತಿ ನೋಡಲು ಈ ಮಕ್ಕಳಿಗೆ ಪುರುಸೊತ್ತನ್ನೇ ಕೊಟ್ಟಿಲ್ಲ, ನನಗದು ಸಂಕಟ. ವಾಹನ ಪರೀಕ್ಷೆಯ ಕೆಲಸದಲ್ಲಿ ಮೂವತ್ತು ವರ್ಷ ಕಳೆದಿದ್ದೇನೆ. ನನ್ನ ಬಳಿ ಕಲಿಯಲು ಬಂದ ಎಂಜಿನಿಯರುಗಳಿಗೆಲ್ಲ ಮೊದಲ ದಿನ ಆ ಬಸ್ಸಿನ ಲೆಕ್ಕವನ್ನೇ ಕೊಟ್ಟಿದ್ದೇನೆ. ಏಳೂವರೆ ಸೆಕೆಂಡಿನ ಉತ್ತರಕ್ಕೇ ನಿಲ್ಲದವರು ಇಂದು ದೊಡ್ಡ ಹೊಣೆ ಹೊತ್ತಿದ್ದಾರೆ, ಅದು ನನ್ನ ಹೆಮ್ಮೆ.

ಕೊನೆಯ ಸಲ ಮನೆಗೆ ಹೋದಾಗ ಮೇಷ್ಟ್ರ ಮಾತು ನಿಧಾನವಾಗಿತ್ತು. "ಎಲೆಕ್ಟ್ರಿಕ್ ಬಸ್ಸು ಬಂದಿದೆಯಂತಲ್ಲ, ಅದರಲ್ಲಿ ಎಷ್ಟು ಸೆಕೆಂಡು ಕಳೆಯುತ್ತೋ? ಅಳೆದು ಹೇಳು" ಅಂದಿದ್ದರು.

ಕಳೆದ ವಾರ ಬೆಂಗಳೂರಿನಲ್ಲಿ ಡ್ರೈವರ್ ಹಿಂದೆ ನಿಂತು ಅಳೆದೆ. ಗೇರ್ ಬದಲಿಸುವ ತಡೆಯೇ ಇಲ್ಲ, ಮೇಷ್ಟ್ರೇ.